ಲಂಗರಿನ ಹಿಡಿತ: ತೂಕದ ನಂಬಿಕೆಯಿಂದ ಪರೀಕ್ಷೆಯ ಶಿಸ್ತಿನವರೆಗೆ

ದೋಣಿಯನ್ನಾಗಲಿ ಹಡಗನ್ನಾಗಲಿ ಬಯಲು ನೀರಿನಲ್ಲಿ ಒಂದೆಡೆ ನಿಲ್ಲಿಸಿಡುವ ಲಂಗರಿನ ಬಗ್ಗೆ ದಡದಲ್ಲಿರುವವರಲ್ಲೂ ಕಡಲಿಗೆ ಹೊಸಬರಾದ ನಾವಿಕರಲ್ಲೂ ಇರುವ ಸಾಮಾನ್ಯ ಕಲ್ಪನೆಯೆಂದರೆ, ಭಾರವಾದ ಕಬ್ಬಿಣವೊಂದು ತಳ ಸೇರಿದೊಡನೆ ಅದರ ತೂಕವೇ ದೋಣಿಯನ್ನು ತಡೆದು ನಿಲ್ಲಿಸುತ್ತದೆ ಎಂಬುದು. ಲೆಕ್ಕ ಹಾಕಿ ನೋಡಿದರೆ ಈ ಕಲ್ಪನೆ ನಿಲ್ಲುವುದಿಲ್ಲ. ನೀರಿಗಿಳಿದ ಕಾಂಕ್ರೀಟ್ ದಿಮ್ಮಿ ತನ್ನ ತೂಕದ ಸುಮಾರು ಶೇಕಡಾ 40ನ್ನು ಕಳೆದುಕೊಳ್ಳುತ್ತದೆ. ಕಬ್ಬಿಣ ಕಳೆದುಕೊಳ್ಳುವುದು ಶೇಕಡಾ 13ರಷ್ಟು ಮಾತ್ರವಾದರೂ, ಉಳಿದ ತೂಕವೆಲ್ಲವೂ ಎಳೆತದ ವಿರುದ್ಧ ಕೆಲಸ ಮಾಡದೆ, ತಳದ ಘರ್ಷಣೆಯಾಗಿ ಅದರ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಅಮೆರಿಕದ ಬೋಟ್ ಅಂಡ್ ಯಾಟ್ ಕೌನ್ಸಿಲ್ ಬಹುಕಾಲದಿಂದ ಬಳಕೆಯಲ್ಲಿಟ್ಟಿರುವ ಪಟ್ಟಿಯ ಪ್ರಕಾರ, 30 ಅಡಿ ಉದ್ದದ ದೋಣಿಯ ಲಂಗರಿನ ಮೇಲೆ 15 ನಾಟ್ ಗಾಳಿಯಲ್ಲಿ ಸುಮಾರು 80 ಕಿಲೋ, 30 ನಾಟ್ ಗಾಳಿಯಲ್ಲಿ ಸುಮಾರು 320 ಕಿಲೋ ಎಳೆತ ಬೀಳುತ್ತದೆಂದು ಎಣಿಸಬೇಕು. ಇಂಥ ದೋಣಿಗಳು ಹೊತ್ತೊಯ್ಯುವ ಲಂಗರಿನ ತೂಕವಾದರೋ ಸಾಮಾನ್ಯವಾಗಿ 10ರಿಂದ 15 ಕಿಲೋ. ತನ್ನ ತೂಕದ ಇಪ್ಪತ್ತು, ಮೂವತ್ತು ಪಟ್ಟು ಎಳೆತವನ್ನು ತಡೆಯಬೇಕಾದ ವಸ್ತು ಭಾರದಿಂದ ಆ ಕೆಲಸ ಮಾಡಲಾರದು. ನೆಲದೊಳಗೆ ಹೂತುಕೊಂಡು, ತನ್ನ ಮುಂದಿನ ಮಣ್ಣಿನ ರಾಶಿಯನ್ನೇ ತಡೆಗೋಡೆಯಾಗಿ ಬಳಸಿಕೊಂಡರಷ್ಟೇ ಅದಕ್ಕದು ಸಾಧ್ಯ. ಹಾಗಾದರೆ ಲಂಗರು ನೆಲದಲ್ಲಿ ಊರುವುದು ಯಾವುದರಿಂದ, ಊರಿದ ಮೇಲೆ ಹಿಡಿತ ಉಳಿಯುವುದು ಯಾವುದರಿಂದ, ಮತ್ತು ಅದು ಊರಿದೆಯೆಂದು ದೋಣಿಯ ಮೇಲಿರುವವರು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬ ಮೂರು ಪ್ರಶ್ನೆಗಳ ಸಮೀಕ್ಷೆ ಈ ಲೇಖನದ ಉದ್ದೇಶ.

ಆಕಾರದ ವಿಕಾಸ

ಲಂಗರಿನ ಇತಿಹಾಸವನ್ನು ತೂಕದಿಂದ ಆಕಾರದ ಕಡೆಗೆ ನಡೆದ ನಿಧಾನದ ಪಯಣವೆಂದು ಓದಬಹುದು. ಮೊದಲ ಲಂಗರುಗಳು ತೂತು ಕೊರೆದು ಹಗ್ಗ ಕಟ್ಟಿದ ಕಲ್ಲುಗಳು. ಕನ್ನಡ ನಾಡಿನವರೇ ಆದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್ ಅವರ ಮುಂದಾಳ್ತನದಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ದ್ವಾರಕೆಯ ಕಡಲಲ್ಲಿ ನಡೆಸಿದ ಶೋಧಗಳಲ್ಲಿ ಅನೇಕ ಕಲ್ಲಿನ ಲಂಗರುಗಳು ದೊರೆತವು. ಅವುಗಳಲ್ಲಿ ಮೂರು ತೂತುಗಳ ತ್ರಿಕೋನ ಕಲ್ಲುಗಳು ವಿಶೇಷ ಗಮನಕ್ಕೆ ಅರ್ಹವಾದವು, ಏಕೆಂದರೆ ಮೇಲಿನ ತೂತು ಹಗ್ಗಕ್ಕಾದರೆ ಕೆಳಗಿನ ಎರಡು ತೂತುಗಳು ನೆಲವನ್ನು ಕೆರೆದು ಹಿಡಿಯುವ ಮರದ ಗೂಟಗಳಿಗೆ ಮೀಸಲಾಗಿದ್ದವು. ಬರಿಯ ಭಾರ ಸಾಲದೆಂಬ ಅರಿವು ಕಲ್ಲಿನ ಲಂಗರನ್ನು ಕಡೆದವರಿಗೂ ಇತ್ತೆಂಬುದಕ್ಕೆ ಆ ಎರಡು ತೂತುಗಳೇ ಸಾಕ್ಷಿ. ಇಟಲಿಯ ನೇಮಿ ಸರೋವರದಲ್ಲಿ 1929ರಿಂದ 1932ರ ಅವಧಿಯಲ್ಲಿ ನೀರು ಬಸಿದು ಹೊರತೆಗೆದ ರೋಮನ್ ಚಕ್ರವರ್ತಿ ಕಲಿಗುಲನ ಕಾಲದ ಹಡಗುಗಳ ಜೊತೆಗೆ ಸಿಕ್ಕ ಲಂಗರುಗಳಲ್ಲಿ ಒಂದು ಸೀಸದ ಅಡ್ಡದಂಡವಿದ್ದ ಮರದ್ದು, ಇನ್ನೊಂದು ಕಳಚಿಡಬಹುದಾದ ಅಡ್ಡದಂಡವಿದ್ದ ಕಬ್ಬಿಣದ್ದು. ಅಡ್ಡದಂಡವೆಂದರೆ ಲಂಗರಿನ ತೋಳುಗಳಿಗೆ ಲಂಬವಾಗಿ ಕಾಂಡದ ತಲೆಗೆ ಸೇರಿಸಿದ ಕಂಬಿ. ಲಂಗರು ತಳದಲ್ಲಿ ಮಲಗಿದಾಗ ಒಂದು ತೋಳಾದರೂ ಕೆಳಮುಖವಾಗಿ ನೆಲಕ್ಕೆ ಚುಚ್ಚುವಂತೆ ಅದನ್ನು ಹೊರಳಿಸುವುದು ಇದರ ಕೆಲಸ. ಬ್ರಿಟಿಷ್ ನೌಕಾಪಡೆಯ ಹೆಸರಿನಿಂದ ಪ್ರಸಿದ್ಧವಾದ ಅಡ್ಮಿರಾಲ್ಟಿ ಲಂಗರು ಇದೇ ತತ್ತ್ವವನ್ನು 19ನೆಯ ಶತಮಾನದವರೆಗೂ ಮುಂದುವರಿಸಿತು.

ಈ ಹಳೆಯ ಮಾದರಿಯ ದೋಷವೆಂದರೆ ಎರಡು ತೋಳುಗಳಲ್ಲಿ ಒಂದು ಮಾತ್ರ ನೆಲದಲ್ಲಿ ಹೂತು, ಇನ್ನೊಂದು ಮೇಲಕ್ಕೆ ಚಾಚಿಕೊಂಡಿದ್ದು, ದೋಣಿ ತಿರುಗಿದಾಗ ಸರಪಳಿ ಆ ತೋಳಿಗೆ ಸುತ್ತಿಕೊಂಡು ಲಂಗರನ್ನು ಕಿತ್ತುಬಿಡುತ್ತಿದ್ದುದು. ದ್ರವಚಲನಶಾಸ್ತ್ರದಲ್ಲಿ ಹೆಸರಾದ ಬ್ರಿಟಿಷ್ ವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್ ಸ್ವತಃ ಹಾಯಿದೋಣಿ ನಡೆಸುವವರಾಗಿದ್ದರು. ನೀರಿನ ಮೇಲಿಳಿಯುವ ವಿಮಾನಗಳಿಗೆ ಹಗುರವಾದರೂ ಗಟ್ಟಿಯಾಗಿ ಹಿಡಿಯುವ ಲಂಗರು ಬೇಕಿದ್ದ ಕಾಲದಲ್ಲಿ, 1933ರಲ್ಲಿ, ಅವರು ನೇಗಿಲಿನ ಗುಳದಂತೆ ಇಬ್ಬದಿಗೂ ಮಣ್ಣು ತಳ್ಳುತ್ತ ಒಳಕ್ಕಿಳಿಯುವ ಸಿಕ್ಯುಆರ್ ಲಂಗರನ್ನು ರೂಪಿಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ, ಅಗಲವಾದ ಎರಡು ಚಪ್ಪಟೆ ಅಲಗುಗಳ ಲಂಗರು ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ನೌಕೆಗಳಲ್ಲಿ ಬಳಕೆಯಾಯಿತು. 1970ರ ದಶಕದಲ್ಲಿ ಪೀಟರ್ ಬ್ರೂಸ್ ಅವರ ಪಂಜದಾಕಾರದ ಲಂಗರು, 1990ರ ದಶಕದಲ್ಲಿ ಫ್ರಾನ್ಸಿನ ಅಲೇನ್ ಪ್ವಾರೋ ಅವರ ಸ್ಪೇಡ್, ಈ ಶತಮಾನದ ಆರಂಭದಲ್ಲಿ ನ್ಯೂಜಿಲೆಂಡಿನ ಪೀಟರ್ ಸ್ಮಿತ್ ಅವರ ರೋಕ್ನಾ ಬಂದವು. ಕೊನೆಯ ಎರಡರ ಲಕ್ಷಣವೆಂದರೆ ಮಣ್ಣನ್ನು ಬದಿಗೆ ಸರಿಸದೆ ತನ್ನೊಳಗೆ ತುಂಬಿಕೊಳ್ಳುವ ತಗ್ಗಾದ ಅಲಗು. ರೋಕ್ನಾದಲ್ಲಿ ಇದಕ್ಕೊಂದು ಬಳೆಯಾಕಾರದ ಕಂಬಿ ಸೇರಿಕೊಂಡು, ಲಂಗರು ಹೇಗೆ ಬಿದ್ದರೂ ತುದಿ ನೆಲಕ್ಕೆ ತಿರುಗುವಂತೆ ಮಾಡುತ್ತದೆ.

ವಾಣಿಜ್ಯ ಹಡಗುಗಳ ಲೋಕದಲ್ಲಿ ಈ ವಿಕಾಸವನ್ನು ನಿಯಮಗಳೇ ಗುರುತಿಸಿವೆ. ಹಡಗುಗಳ ದರ್ಜೆ ನಿರ್ಧರಿಸುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ, ಅಷ್ಟೇ ತೂಕದ ಸಾಮಾನ್ಯ ಲಂಗರಿಗಿಂತ ಕನಿಷ್ಠ ಎರಡು ಪಟ್ಟು ಹಿಡಿಯುವುದು ಅಧಿಕ ಹಿಡಿತದ ಲಂಗರು, ನಾಲ್ಕು ಪಟ್ಟು ಹಿಡಿಯುವುದು ಅತ್ಯಧಿಕ ಹಿಡಿತದ ಲಂಗರು. ಈ ಮನ್ನಣೆ ಪಡೆಯಲು ಲಂಗರನ್ನು ಮೆತ್ತನೆಯ ಕೆಸರು, ಮರಳು ಅಥವಾ ಜಲ್ಲಿ, ಗಟ್ಟಿ ಜೇಡಿ ಎಂಬ ಕನಿಷ್ಠ ಮೂರು ಬಗೆಯ ತಳಗಳಲ್ಲಿ ಎಳೆದು ಪರೀಕ್ಷಿಸಬೇಕು. ಒಂದೇ ತಳದ ಫಲಿತಾಂಶವನ್ನು ನಿಯಮ ಒಪ್ಪುವುದಿಲ್ಲವೆಂಬುದು ಮುಂದಿನ ವಿಷಯಕ್ಕೆ ಪೀಠಿಕೆಯಾಗುತ್ತದೆ.

ನೆಲದ ಪಾಲು

ಹಿಡಿತ ಲಂಗರೊಂದರ ಗುಣವಲ್ಲ, ಲಂಗರು ಮತ್ತು ನೆಲಗಳ ನಡುವಿನ ಸಂಬಂಧ. ಒತ್ತಾಗಿ ಕೂತ ಮರಳಿನಲ್ಲಿ ಚೂಪು ತುದಿಯ ಬಹುತೇಕ ಲಂಗರುಗಳು ಚೆನ್ನಾಗಿ ಇಳಿದು ಬಲವಾಗಿ ನಿಲ್ಲುತ್ತವೆ. ಜೇಡಿಯಲ್ಲಿ ಒಳಹೋಗುವುದು ಕಷ್ಟ, ಒಮ್ಮೆ ಹೋದರೆ ಹಿಡಿತ ಅತ್ಯುತ್ತಮ. ಆದರೆ ಕಿತ್ತುಬಂದ ಲಂಗರಿನ ಅಲಗಿಗೆ ಜೇಡಿಯ ಮುದ್ದೆ ಅಂಟಿಕೊಂಡಿದ್ದರೆ ಅದು ಎರಡನೆಯ ಸಲ ಊರುವುದಿಲ್ಲವಾದ್ದರಿಂದ, ಮೇಲೆತ್ತಿ ತೊಳೆದು ಮತ್ತೆ ಇಳಿಸಬೇಕಾಗುತ್ತದೆ. ಅಳಿವೆಗಳ ಮೆತ್ತನೆಯ ಕೆಸರಿನಲ್ಲಿ ಕಿರಿದಾದ ಅಲಗು ಬೆಣ್ಣೆಯಲ್ಲಿ ಚಾಕು ಎಳೆದಂತೆ ಸರಿದುಬಿಡುತ್ತದೆ. ಅಲ್ಲಿ ಅಗಲವಾದ ಅಲಗು ಬೇಕು, ಜೊತೆಗೆ ಲಂಗರು ತನ್ನಷ್ಟಕ್ಕೆ ಆಳಕ್ಕಿಳಿಯಲು ಒಂದಷ್ಟು ಹೊತ್ತು ಬಿಡಬೇಕು. ಬಂಡೆಯ ಮೇಲೆ ಹೂತುಕೊಳ್ಳುವ ಪ್ರಶ್ನೆಯೇ ಇಲ್ಲ, ಕೊಕ್ಕೆ ಸಂದಿಗೆ ಸಿಕ್ಕಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಕ್ಕಿದ್ದು ಗಾಳಿಯ ದಿಕ್ಕು ಬದಲಾದಾಗ ಕಳಚಲೂಬಹುದು, ಎಂದಿಗೂ ಬಿಡದೆ ಹೋಗಲೂಬಹುದು. ಸಣ್ಣ ಮೀನುಗಾರಿಕೆ ದೋಣಿಗಳು ನಾಲ್ಕು ಕೊಕ್ಕೆಗಳ ಅಗ್ಗದ ಲಂಗರನ್ನು ಇಟ್ಟುಕೊಳ್ಳುವುದು ಬಂಡೆಯ ತಳಕ್ಕೆ ಸರಿಹೊಂದುವ ಕ್ರಮವಾದರೂ, ಮರಳಿನಲ್ಲಿ ಅದರ ತೆಳುವಾದ ಕೊಕ್ಕೆಗಳಿಗೆ ಹಿಡಿತ ತೀರ ಕಡಿಮೆ. ಎಲ್ಲಕ್ಕಿಂತ ಮೋಸಗಾರ ತಳವೆಂದರೆ ಹುಲ್ಲು ಮತ್ತು ಪಾಚಿ ಹಬ್ಬಿದ್ದು: ತುದಿ ಬೇರುಗಳ ಹೆಣಿಗೆಯಲ್ಲಿ ಸಿಕ್ಕಿಕೊಂಡು ಊರಿದಂತೆ ತೋರಿಸಿ, ಗಾಳಿ ಬಲವಾದಾಗ ಹುಲ್ಲಿನ ಕಂತೆಯೊಂದಿಗೇ ಕಿತ್ತುಬರುತ್ತದೆ.

ಇದರಿಂದಾಗಿ ನಕಾಶೆಯಲ್ಲಿ ಆಳದ ಅಂಕಿಯ ಜೊತೆಗೆ ತಳದ ಬಗೆಯನ್ನೂ ಸೂಚಿಸುವ ಸಂಪ್ರದಾಯ ಬೆಳೆದಿದೆ. ಹಿಂದಿನವರು ಆಳ ಅಳೆಯುವ ಸೀಸದ ಗುಂಡಿನ ತಳದಲ್ಲಿ ಕೊಬ್ಬು ಸವರಿ ಇಳಿಸುತ್ತಿದ್ದುದು ಅದಕ್ಕೆ ಅಂಟಿಬಂದ ಮರಳು, ಚಿಪ್ಪು, ಕೆಸರುಗಳಿಂದ ನೆಲವನ್ನು ಗುರುತಿಸುವುದಕ್ಕಾಗಿ. ತಳದ ಗುಣವು ಅಲೆಯನ್ನೂ ನಿಯಂತ್ರಿಸಬಲ್ಲದೆಂಬುದಕ್ಕೆ ಕೇರಳ ಕರಾವಳಿಯ ಚಾಕರ ನಿದರ್ಶನ. ಮುಂಗಾರಿನಲ್ಲಿ ಕೆಲವೆಡೆ ಒಟ್ಟುಗೂಡುವ ಅತಿ ನುಣ್ಣನೆಯ ಕೆಸರು ತೆರೆಯ ಶಕ್ತಿಯನ್ನು ಹೀರಿಕೊಂಡು ಕಡಲನ್ನು ಶಾಂತವಾಗಿಡುತ್ತದೆ. ಗೋಡೆಗಳ ರಕ್ಷಣೆಯಿಲ್ಲದ ಆಲಪ್ಪುಳದ ಬಯಲು ಬಂದರಿನಲ್ಲಿ ಹಡಗುಗಳು ಮಳೆಗಾಲದಲ್ಲೂ ಲಂಗರು ಹಾಕಲು ಸಾಧ್ಯವಾಗಿದ್ದುದು ಇದರಿಂದ.

ಉದ್ದ ಮತ್ತು ಕೋನ

ಲಂಗರು ಒಳಕ್ಕಿಳಿಯುವುದು ಎಳೆತ ನೆಲಕ್ಕೆ ಸಮಾಂತರವಾಗಿದ್ದಾಗ. ಎಳೆತ ಮೇಲ್ಮುಖವಾದಷ್ಟೂ ಅದೇ ಬಲ ಲಂಗರನ್ನು ಕೀಳುವ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೆ ದೋಣಿಯನ್ನು ಲಂಗರಿನ ನೆತ್ತಿಯ ಮೇಲಕ್ಕೆ ತಂದು ಎಳೆದರೆ ಅದು ಸುಲಭವಾಗಿ ಬಿಟ್ಟುಬರುವುದು ಈ ಗುಣದಿಂದಲೇ. ಆದ್ದರಿಂದ ಬಿಟ್ಟ ಸರಪಳಿ ಅಥವಾ ಹಗ್ಗದ ಉದ್ದಕ್ಕೂ ನೀರಿನ ಆಳಕ್ಕೂ ಇರುವ ಅನುಪಾತ, ಅಂದರೆ ನಾವಿಕರು ಸ್ಕೋಪ್ ಎನ್ನುವ ಲೆಕ್ಕ, ಹಿಡಿತದ ಎರಡನೆಯ ಆಧಾರವಾಗಿದೆ. ಪೂರ್ತಿ ಸರಪಳಿಯಾದರೆ ಆಳದ ಐದು ಪಟ್ಟು, ಸ್ವಲ್ಪ ಸರಪಳಿ ಮತ್ತು ಉಳಿದದ್ದು ಹಗ್ಗವಾದರೆ ಏಳು ಪಟ್ಟು, ಬಿರುಗಾಳಿಗೆ ಹತ್ತು ಪಟ್ಟು ಎಂಬುದು ವಾಡಿಕೆಯ ಸೂತ್ರ. ಇಲ್ಲಿ ಆಳವೆಂದರೆ ನೀರಿನ ಆಳ ಮಾತ್ರವಲ್ಲದೆ ನೀರಿನ ಮಟ್ಟದಿಂದ ದೋಣಿಯ ಮೂತಿಯವರೆಗಿನ ಎತ್ತರವೂ, ಬರಲಿರುವ ಉಬ್ಬರದ ಏರಿಕೆಯೂ ಸೇರಿದ ಮೊತ್ತ. ಮಂಗಳೂರಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚಲ್ಲವಾದ್ದರಿಂದ ಇದನ್ನು ಮರೆತರೂ ನಡೆದೀತು. ಖಂಭಾತ್ ಕೊಲ್ಲಿಯ ಭಾವನಗರದಂಥ ಕಡೆ ನೀರು ಸುಮಾರು 10 ಮೀಟರ್ ಏರುವುದರಿಂದ, ಇಳಿತದ 5 ಮೀಟರ್ ಆಳವನ್ನೂ ಮೂತಿಯ 1 ಮೀಟರ್ ಎತ್ತರವನ್ನೂ ಲೆಕ್ಕಕ್ಕೆ ಹಿಡಿದು ಐದು ಪಟ್ಟೆಂದು 30 ಮೀಟರ್ ಸರಪಳಿ ಬಿಟ್ಟ ದೋಣಿ, ಉಬ್ಬರದಲ್ಲಿ ಎರಡು ಪಟ್ಟಿಗೂ ಕಡಿಮೆ ಉದ್ದದ ಮೇಲೆ ನೇತಾಡುತ್ತಿರುತ್ತದೆ.

ಸರಪಳಿಯ ತೂಕದ ಬಗ್ಗೆ ನಾವಿಕರಲ್ಲಿ ಬಹಳ ಚರ್ಚೆಯಿದೆ. ಭಾರವಾದ ಸರಪಳಿ ನೀರಿನಲ್ಲಿ ಜೋತುಬಿದ್ದು ವಕ್ರವಾಗಿ ನಿಲ್ಲುತ್ತದೆ, ಅದರ ಕೆಳತುದಿ ನೆಲದ ಮೇಲೆ ಮಲಗಿರುವವರೆಗೆ ಲಂಗರಿನ ಮೇಲಿನ ಎಳೆತ ಅಡ್ಡಡ್ಡಲಾಗಿಯೇ ಇರುತ್ತದೆ ಎಂಬುದು ಸರಪಳಿಯ ಪರವಾದ ವಾದ. ಜೋತುಬಿದ್ದ ಸರಪಳಿಯ ಗಣಿತ ಈ ವಾದಕ್ಕೊಂದು ಮಿತಿ ಹಾಕುತ್ತದೆ. 8 ಮಿಲಿಮೀಟರ್ ಸರಪಳಿ ನೀರಿನಲ್ಲಿ ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆಂದು ಹಿಡಿದರೆ, ಮೂತಿಯಿಂದ ತಳಕ್ಕೆ 6 ಮೀಟರ್ ಇರುವಲ್ಲಿ 50 ಕಿಲೋ ಎಳೆತಕ್ಕೆ 23 ಮೀಟರ್ ಸರಪಳಿ ಸಾಕು. ಎಳೆತ 200 ಕಿಲೋ ಆದರೆ ನೆಲದಿಂದ ಏಳದಿರಲು 45 ಮೀಟರ್, ಅಂದರೆ ಆಳದ ಏಳೂವರೆ ಪಟ್ಟು ಬೇಕು. ಅದೇ ಎಳೆತಕ್ಕೆ 12 ಮೀಟರ್ ಆಳದಲ್ಲಿ ಬೇಕಾಗುವುದು ಸುಮಾರು 64 ಮೀಟರ್, ಅಂದರೆ ಐದೂ ಕಾಲು ಪಟ್ಟಿನ ಆಸುಪಾಸು. ಇದರಿಂದ ಹೊರಡುವ ತಿಳಿವು ಎರಡು. ಒಂದೇ ಅನುಪಾತವನ್ನು ಎಲ್ಲ ಆಳಗಳಿಗೂ ಅನ್ವಯಿಸುವುದು ಸರಿಯಲ್ಲ. ಆಳ ಕಡಿಮೆಯಾದಷ್ಟೂ ಪಟ್ಟು ಹೆಚ್ಚಬೇಕು. ಎರಡನೆಯದಾಗಿ, ಗಾಳಿಯ ವೇಗ ಇಮ್ಮಡಿಯಾದಾಗ ಬಲ ನಾಲ್ಮಡಿಯಾಗುವುದರಿಂದ, ಸರಪಳಿಯ ವಕ್ರತೆ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಅದು ಬಿಗಿದು ನೆಟ್ಟಗಾಗಿ, ಅಲೆಯ ಪ್ರತಿಯೊಂದು ಹೊಡೆತವನ್ನೂ ನೇರವಾಗಿ ಲಂಗರಿಗೆ ಮುಟ್ಟಿಸುತ್ತದೆ. ಆ ಹೊಡೆತವನ್ನು ನುಂಗಲು ಸರಪಳಿಗೂ ದೋಣಿಗೂ ನಡುವೆ ಹಿಗ್ಗುವ ನೈಲಾನ್ ಹಗ್ಗವೊಂದನ್ನು ಕಟ್ಟುವ ಕ್ರಮ ಈಗ ವ್ಯಾಪಕವಾಗಿದೆ. ತಳದಲ್ಲಿ ಉಜ್ಜಿ ಸವೆಯದಿರಲು ಸರಪಳಿ, ಹೊಡೆತ ತಡೆಯಲು ನೈಲಾನ್ ಎಂಬ ಹೊಂದಾಣಿಕೆ ಈ ಚರ್ಚೆಯ ಒಪ್ಪಿತ ಫಲ.

ಊರುವ ಕ್ರಮ ಮತ್ತು ಅದರ ಪರೀಕ್ಷೆ

ಉತ್ತಮ ಲಂಗರು, ಒಳ್ಳೆಯ ತಳ, ಸಾಕಷ್ಟು ಉದ್ದ ಈ ಮೂರೂ ಇದ್ದು ಹಿಡಿತ ವಿಫಲವಾಗುವ ಪ್ರಸಂಗಗಳು ಕಡಿಮೆಯಲ್ಲ. ಅವುಗಳಲ್ಲಿ ಹೆಚ್ಚಿನವು ಲಂಗರು ಹಾಕಿದ ರೀತಿಗೆ ಸಂಬಂಧಿಸಿದವು. ದೋಣಿಯ ಮೂತಿಯನ್ನು ಗಾಳಿಗೆ, ಪ್ರವಾಹ ಬಲವಾಗಿದ್ದರೆ ಪ್ರವಾಹಕ್ಕೆ ಎದುರಾಗಿಸಿ, ಮುನ್ನಡೆ ಪೂರ್ತಿ ನಿಂತ ಮೇಲೆ ಲಂಗರನ್ನು ಎಸೆಯದೆ ಇಳಿಸಬೇಕು. ಅದು ತಳ ಮುಟ್ಟಿದ ನಂತರ ದೋಣಿ ಹಿಂದಕ್ಕೆ ಸರಿಯುತ್ತಿರುವ ವೇಗಕ್ಕೆ ಸರಿಯಾಗಿ ಸರಪಳಿಯನ್ನು ಬಿಡುತ್ತ ಹೋದರೆ ಅದು ನೆಲದ ಮೇಲೆ ಗೆರೆಯಾಗಿ ಹಾಸಿಕೊಳ್ಳುತ್ತದೆ. ಒಮ್ಮೆಲೇ ಸುರಿದರೆ ಲಂಗರಿನ ಮೇಲೆಯೇ ರಾಶಿಯಾಗಿ ಬಿದ್ದು ಅಲಗಿಗೆ ಸುತ್ತಿಕೊಳ್ಳಬಹುದು. ಆಳದ ಮೂರು ಪಟ್ಟು ಬಿಟ್ಟಾಗ ಸ್ವಲ್ಪ ತಡೆಹಿಡಿದು ತುದಿ ಚುಚ್ಚಲು ಅವಕಾಶ ಕೊಟ್ಟು, ಬಳಿಕ ಬೇಕಾದ ಪೂರ್ಣ ಉದ್ದವನ್ನು ಬಿಟ್ಟು ಕಟ್ಟಬೇಕು.

ಇದರ ಮುಂದಿನ ಹಂತವೇ ಪರೀಕ್ಷೆ. ಎಂಜಿನನ್ನು ಹಿಮ್ಮುಖವಾಗಿ ನಿಧಾನಕ್ಕೆ ಚಲಾಯಿಸಿ, ಸರಪಳಿ ಬಿಗಿದ ಮೇಲೆ ಬಲವನ್ನು ಹಂತಹಂತವಾಗಿ ಏರಿಸಿ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಹಾಗೆಯೇ ಹಿಡಿಯಬೇಕು. ಆರಂಭದಲ್ಲಿಯೇ ಜೋರಾಗಿ ಎಳೆದರೆ, ಇನ್ನೂ ಮೇಲ್ಪದರದಲ್ಲಿರುವ ಲಂಗರು ಹೂತುಕೊಳ್ಳುವ ಬದಲು ಕಿತ್ತು ಜಾರುತ್ತದೆ. ಲಂಗರು ನಿಂತಿದೆಯೇ ಎಂಬುದಕ್ಕೆ ಎರಡು ಸರಳ ಸಾಕ್ಷಿಗಳುಂಟು. ಬಿಗಿದ ಸರಪಳಿಯ ಮೇಲೆ ಅಂಗೈ ಅಥವಾ ಪಾದವಿಟ್ಟರೆ, ಜಾರುತ್ತಿರುವ ಲಂಗರಿನ ತಡವರಿಕೆ ನಡುಕವಾಗಿ ತಿಳಿಯುತ್ತದೆ. ದಡದ ಮೇಲೆ ದೋಣಿಯ ಬದಿಗೆ ನೇರದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ತೆಂಗಿನಮರ ಮತ್ತು ಅದರ ಹಿಂದಿನ ಗುಡಿಯ ಶಿಖರವನ್ನು, ಆರಿಸಿಕೊಂಡು ಗಮನಿಸಿದರೆ, ಹಿಮ್ಮುಖದ ಎಳೆತದಲ್ಲೂ ಅವುಗಳ ಸಾಲು ಬದಲಾಗದಿದ್ದಾಗ ದೋಣಿ ಸರಿದಿಲ್ಲವೆಂದು ಖಚಿತವಾಗುತ್ತದೆ. ನೀರು ತಿಳಿಯಾಗಿರುವಲ್ಲಿ ಮುಳುಗಿ ನೋಡುವುದು ಇನ್ನೂ ಉತ್ತಮ. ಪರೀಕ್ಷೆಯಲ್ಲಿ ಜಾರಿದ ಲಂಗರಿಗೆ ಇನ್ನಷ್ಟು ಸರಪಳಿ ಬಿಟ್ಟು ಒಂದು ಅವಕಾಶ ಕೊಡಬಹುದು. ಮತ್ತೆಯೂ ಜಾರಿದರೆ ಎತ್ತಿ, ತೊಳೆದು, ಜಾಗ ಬದಲಿಸುವುದೇ ಸರಿಯಾದ ಮಾರ್ಗ. ಎಂಜಿನ್ನಿನ ಹಿಮ್ಮುಖ ಎಳೆತ ಬಿರುಗಾಳಿಯ ಬಲಕ್ಕೆ ಸಮವಲ್ಲವೆಂಬುದನ್ನೂ ನೆನಪಿಡಬೇಕು. ಈ ಪರೀಕ್ಷೆ ಲಂಗರು ಸರಿಯಾಗಿ ಹೂತಿದೆಯೆಂಬುದನ್ನು ಸಾಬೀತುಪಡಿಸುತ್ತದೆಯೇ ಹೊರತು ಎಷ್ಟು ಗಾಳಿಯನ್ನು ತಡೆದೀತೆಂಬುದನ್ನಲ್ಲ.

ಊರಿದ ಲಂಗರಿನ ಕಾವಲು ಬೇರೆಯೇ ಕೆಲಸ. ಗಾಳಿಯ ಅಥವಾ ಉಬ್ಬರದ ದಿಕ್ಕು ಬದಲಾದಾಗ ದೋಣಿ ಲಂಗರಿನ ಸುತ್ತ ವೃತ್ತವಾಗಿ ತಿರುಗುತ್ತದೆ. ಆ ವೃತ್ತದೊಳಗೆ ಬಂಡೆ, ತೆಳು ನೀರು, ಇನ್ನೊಂದು ದೋಣಿ ಇರಬಾರದು. ಚಂಡಮಾರುತದ ಮುನ್ಸೂಚನೆ ಬಂದಾಗ ಕಾರವಾರದ ಬೈತಖೋಲ ಬಂದರಿನ ಸುತ್ತಮುತ್ತ ನೆರೆರಾಜ್ಯಗಳ ಮೀನುಗಾರಿಕೆ ದೋಣಿಗಳೂ ಸೇರಿ ನೂರಾರು ದೋಣಿಗಳು ಆಶ್ರಯ ಪಡೆಯುವಂಥ ಸಂದರ್ಭದಲ್ಲಿ, ಎಲ್ಲರಿಗೂ ಏಳು ಪಟ್ಟು ಹಗ್ಗ ಬಿಡುವಷ್ಟು ಜಾಗ ಸಿಗುವುದಿಲ್ಲ. ಉದ್ದದ ಸರಪಳಿಯ ದೋಣಿಯೂ ಗಿಡ್ಡ ಹಗ್ಗದ ದೋಣಿಯೂ ಬೇರೆಬೇರೆ ರೀತಿ ತಿರುಗುವುದರಿಂದ ಒಂದು ಜಾರಿದರೆ ಅಕ್ಕಪಕ್ಕದವೂ ಅಪಾಯಕ್ಕೆ ಸಿಲುಕುತ್ತವೆ. ಜಿಪಿಎಸ್ ಆಧಾರಿತ ಎಚ್ಚರಿಕೆಗಂಟೆ ಇಂದು ಮೊಬೈಲಿನಲ್ಲೇ ಲಭ್ಯವಿದ್ದರೂ ಅದು ದೋಣಿ ಜಾರಿದ ಮೇಲೆ ಕೂಗುವ ಸಾಧನ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳು ಲಂಗರು ಹಾಕಿದ ನೌಕೆ ಹಗಲಿನಲ್ಲಿ ಕಪ್ಪು ಗೋಳವನ್ನೂ ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪವನ್ನೂ ತೋರಿಸಬೇಕೆಂದು ವಿಧಿಸಿರುವುದು ಇತರರಿಂದ ರಕ್ಷಣೆಗಾಗಿ.

ವೈಫಲ್ಯಗಳು ಕಲಿಸಿದ್ದು

1859ರ ಅಕ್ಟೋಬರ್ 25ರ ರಾತ್ರಿ ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಹಿಂದಿರುಗುತ್ತಿದ್ದ ರಾಯಲ್ ಚಾರ್ಟರ್ ಎಂಬ ಉಗಿಹಡಗು ವೇಲ್ಸ್‌ನ ಆಂಗಲ್ಸಿ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕು ಎರಡು ಲಂಗರುಗಳನ್ನು ಇಳಿಸಿತು. ಗಾಳಿ ಹಿಡಿಯುವ ಮೇಲ್ಮೈಯನ್ನು ತಗ್ಗಿಸಲು ಕೂವೆಮರಗಳನ್ನೇ ಕಡಿದುರುಳಿಸಲಾಯಿತು. ಎಂಜಿನ್‌ ಕೂಡ ನೆರವಿಗಿತ್ತು. ಮಧ್ಯರಾತ್ರಿಯ ನಂತರ ಮೊದಲು ಒಂದು, ಬಳಿಕ ಇನ್ನೊಂದು ಸರಪಳಿ ಕಡಿದು ಹಡಗು ಮೋಯೆಲ್ವ್ರೆಯ ಬಂಡೆಗಳ ಮೇಲೆ ಒಡೆದು ಸುಮಾರು 450 ಮಂದಿ ಸತ್ತರು. ಈ ದುರಂತದ ನಂತರವೇ ಬ್ರಿಟನ್ನಿನ ಹವಾಮಾನ ಅಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ 1861ರಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ವ್ಯವಸ್ಥೆಯನ್ನು ಜಾರಿಗೆ ತಂದರು. ಹಿಡಿತ ಅದರ ಅತ್ಯಂತ ದುರ್ಬಲ ಕೊಂಡಿಯಷ್ಟೇ ಗಟ್ಟಿ, ಮತ್ತು ಸಮಯಕ್ಕೆ ಸಿಕ್ಕ ಹವಾಮಾನದ ಸುದ್ದಿ ಲಂಗರಿಗಿಂತ ದೊಡ್ಡ ರಕ್ಷಣೆ ಎಂಬ ಎರಡು ಪಾಠಗಳು ಇಲ್ಲಿವೆ.

2007ರ ಜೂನ್ 8ರಂದು ಆಸ್ಟ್ರೇಲಿಯದ ನ್ಯೂಕ್ಯಾಸಲ್ ಬಂದರಿನ ಹೊರಗೆ ಕಲ್ಲಿದ್ದಲಿಗಾಗಿ ಲಂಗರು ಹಾಕಿ ಕಾಯುತ್ತಿದ್ದ ಪಾಶಾ ಬಲ್ಕರ್ ಹಡಗು ಬಿರುಗಾಳಿಯಲ್ಲಿ ನಾಬಿಸ್ ಕಡಲತೀರಕ್ಕೆ ಬಂದು ಬಿದ್ದಾಗ ಬಯಲಾದದ್ದು ಲಂಗರು ಎತ್ತಿ ಆಳ ಕಡಲಿಗೆ ಹೋಗುವ ತೀರ್ಮಾನ ತಡವಾದರೆ ಆಗುವ ಪರಿಣಾಮ. ಅರಬ್ಬೀ ಸಮುದ್ರದಲ್ಲಿ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಲಂಗರಿನ ಮಿತಿಯನ್ನು ಇನ್ನೂ ಕ್ರೂರವಾಗಿ ತೋರಿಸಿತು: ಮುಂಬೈ ಕಡಲಿನ ತೈಲಕ್ಷೇತ್ರದಲ್ಲಿ ಲಂಗರುಗಳು ಕೈಕೊಟ್ಟು ತೇಲಿಹೋದ ಪಿ-305 ಎಂಬ ವಸತಿ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹಡಗಿನ ಲಂಗರು ಬಂದರಿನಲ್ಲಿ ಅಥವಾ ಮರೆಯಿರುವ ನೀರಿನಲ್ಲಿ ತಾತ್ಕಾಲಿಕವಾಗಿ ನಿಲ್ಲುವುದಕ್ಕೆಂದು ರೂಪಿತವಾದದ್ದು, ತೆರೆದ ಕರಾವಳಿಯ ಬಿರುಗಾಳಿಯಲ್ಲಿ ಹಡಗನ್ನು ಹಿಡಿದಿಡುವುದಕ್ಕಲ್ಲ ಎಂದು ದರ್ಜೆ ಸಂಸ್ಥೆಗಳ ನಿಯಮವೇ ಸ್ಪಷ್ಟವಾಗಿ ಹೇಳುತ್ತದೆ.

ನೆಲದ ಹಿತ

ಲಂಗರು ಚೆನ್ನಾಗಿ ಹೂತುಕೊಂಡಷ್ಟೂ ನೆಲಕ್ಕೆ ಆಗುವ ಗಾಯ ಹೆಚ್ಚೆಂಬ ಪ್ರಶ್ನೆ ಇತ್ತೀಚಿನ ದಶಕಗಳಲ್ಲಿ ಮುಂದೆ ಬಂದಿದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಮೆಡಿಟರೇನಿಯನ್ನಿನ ಪೊಸಿಡೋನಿಯ ಕಡಲಹುಲ್ಲನ್ನು ಉಳಿಸಲು ಸ್ಪೇನಿನ ಬಾಲಿಯಾರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಅದರ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು. ಹವಳದ ದಿಬ್ಬಗಳಿರುವ ಲಕ್ಷದ್ವೀಪದಲ್ಲಾಗಲಿ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ಲಂಗರಿಗಿಂತಲೂ ಹೆಚ್ಚು ಹಾನಿ ಮಾಡಬಲ್ಲದ್ದು ದೋಣಿ ತಿರುಗಿದಂತೆಲ್ಲ ತಳವನ್ನು ಗುಡಿಸುವ ಸರಪಳಿ. ಇಂಥ ಕಡೆ ಶಾಶ್ವತವಾಗಿ ನೆಟ್ಟ ತೇಲುಬುರುಡೆಗಳಿಗೆ ದೋಣಿ ಕಟ್ಟುವುದೇ ಪರಿಹಾರ. ಹುಲ್ಲು ಹಬ್ಬಿದ ತಳ ಹಿಡಿತಕ್ಕೂ ಒಳ್ಳೆಯದಲ್ಲವಾದ್ದರಿಂದ, ಅಲ್ಲಿ ನಾವಿಕನ ಸ್ವಾರ್ಥವೂ ಪರಿಸರದ ಹಿತವೂ ಒಂದೇ ಕಡೆಗಿವೆ.

ಉಪಸಂಹಾರ

ಯಾವ ಲಂಗರು ಶ್ರೇಷ್ಠವೆಂಬ ವಾದ ನಾವಿಕರಲ್ಲಿ ಎಂದೂ ಮುಗಿಯದು. ತಗ್ಗು ಅಲಗಿನ ಹೊಸ ಮಾದರಿಗಳು ಬೇಗ ಊರುತ್ತವೆ, ಎಳೆತದ ದಿಕ್ಕು ಬದಲಾದಾಗ ತಾವಾಗಿಯೇ ಮತ್ತೆ ಊರುವುದರಲ್ಲಿಯೂ ಹಳೆಯವನ್ನು ಮೀರಿಸುತ್ತವೆ ಎಂಬುದನ್ನು ಒಪ್ಪಬಹುದು. ಆದರೆ ಒಳ್ಳೆಯ ಮಾದರಿಯ ಲಾಭವನ್ನು ಕೆಟ್ಟ ತಳ, ಗಿಡ್ಡ ಸರಪಳಿ ಅಥವಾ ಪರೀಕ್ಷೆಯಿಲ್ಲದ ಆತುರ ಅಳಿಸಿಹಾಕಬಲ್ಲದು. ಸಾಧಾರಣ ಲಂಗರನ್ನು ಸರಿಯಾದ ನೆಲದಲ್ಲಿ, ಸಾಕಷ್ಟು ಉದ್ದದಲ್ಲಿ, ಎಳೆದು ನೋಡಿ ಊರಿದವರು ನೆಮ್ಮದಿಯಾಗಿ ರಾತ್ರಿ ಕಳೆಯಬಲ್ಲರು. ತೂಕ, ಆಕಾರ, ನೆಲ, ಕೋನಗಳಲ್ಲಿ ಯಾವುದೊಂದೂ ತಾನಾಗಿಯೇ ಭರವಸೆ ಕೊಡಲಾರದ ಕಾರಣ, ಹಿಡಿತವನ್ನು ಊಹಿಸಿಕೊಳ್ಳದೆ ಬಲ ಹಾಕಿ ದೃಢಪಡಿಸಿಕೊಳ್ಳುವುದು, ಬಳಿಕ ಬದಲಾಗುವ ಗಾಳಿಯೊಂದಿಗೆ ಆ ತೀರ್ಪನ್ನು ಮತ್ತೆ ಮತ್ತೆ ಪರಿಶೀಲಿಸುವುದು, ಲಂಗರಿನ ಮಿತಿ ಮೀರುವ ಮುನ್ಸೂಚನೆ ಬಂದಾಗ ಅದು ಇನ್ನೂ ಹಿಡಿದಿರುವಾಗಲೇ ಎತ್ತಿಕೊಂಡು ಹೊರಡುವುದು, ಈ ಮೂರೂ ಸೇರಿಯೇ ಲಂಗರು ಹಾಕುವ ವಿದ್ಯೆ ಪೂರ್ಣವಾಗುತ್ತದೆ.